ಸುಗಂಧರಾಜಕ್ಕೆ ಬಿಸಿಲು ಬೇಕು, ಬಚ್ಚಲ ನೀರಲ್ಲ

"ಸುಗಂಧರಾಜ ನೆಟ್ಟು ಎರಡು ವರ್ಷ ಆಯ್ತು, ಬರೀ ಎಲೆ" ಅಂತ ಎಷ್ಟೋ ಜನ ಗೊಣಗುತ್ತಾರೆ. ಎಲ್ಲಿ ನೆಟ್ಟಿದ್ದೀರಿ ಅಂತ ಕೇಳಿದರೆ ಮಾವಿನ ಮರದ ಕೆಳಗೆ, ಇಲ್ಲವೇ ಬಚ್ಚಲ ನೀರು ಹೋಗುವ ಕಡೆ. ನಾನೂ ಮೊದಲು ಹಾಗೇ ಮಾಡಿದವಳು. ಬಾಳೆಗೆ ಒಗ್ಗುವ ಜಾಗ ಇದಕ್ಕೂ ಆಗುತ್ತದೆ ಅಂದುಕೊಂಡಿದ್ದೆ. ಮಳೆಗಾಲ ಮುಗಿದ ಮೇಲೆ ಕಿತ್ತು ನೋಡಿದರೆ ಗೆಡ್ಡೆಗಳೆಲ್ಲ ಕೊಳೆತು ಮೆತ್ತಗಾಗಿದ್ದವು.

ಇದರ ತವರು ಮೆಕ್ಸಿಕೊ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು, ನೀರು ನಿಲ್ಲಬಾರದು. ಜೇಡಿಮಣ್ಣಾದರೆ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಪಾತಿಯನ್ನು ಸ್ವಲ್ಪ ಎತ್ತರ ಮಾಡಿ. ಯುಗಾದಿಯ ಆಸುಪಾಸಿನಲ್ಲಿ ಗಟ್ಟಿಯಾದ, ನಡುವೆ ಉಬ್ಬಿದ ಗೆಡ್ಡೆ ಆರಿಸಿ, ಎರಡು-ಮೂರು ಇಂಚು ಆಳಕ್ಕೆ, ಗೇಣು ಅಂತರದಲ್ಲಿ ನೆಡಿ. ಮೂರು ನಾಲ್ಕು ತಿಂಗಳಿಗೆ ಹೂವಿನ ಕಡ್ಡಿ ಏಳುತ್ತದೆ. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು ಹಾಕಿ. ದಿನಾ ಬೆಳಿಗ್ಗೆ ಸುಮ್ನೆ ಚೊಂಬು ಹಿಡಿದು ಹೋಗಬೇಡಿ.

ಹಾರಕ್ಕೆ, ಪೂಜೆಗೆ ಬೇಕಿದ್ದರೆ ಒಂಟಿ ಸುತ್ತಿನದು, ಅಂದರೆ ದಳ ಒಂದೇ ಸುತ್ತು ಇರುವುದು, ಹಾಕಿ. ಪರಿಮಳ ಜಾಸ್ತಿ ಇರುವುದು ಅದರಲ್ಲೇ. ಹೂದಾನಿಗೆ ಮಾತ್ರ ಅಂದರೆ ಸುತ್ತುಸುತ್ತಿನದು ಚೆಂದ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ತಳಿಗಳಲ್ಲಿ ಪ್ರಜ್ವಲ್ ಒಂಟಿ ಸುತ್ತಿನದು, ಸುವಾಸಿನಿ ಸುತ್ತುಸುತ್ತಿನದು. ನನಗೆ ಪ್ರಜ್ವಲ್ ಇಷ್ಟ. ಮೊಗ್ಗಿನ ತುದಿಯಲ್ಲಿ ತೆಳು ಗುಲಾಬಿ ಬಣ್ಣ ಇರುತ್ತದೆ, ಅರಳಿದರೆ ಬಿಳಿ.

ಈಗ ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಆಮೇಲೆ ಹೂ ಕೊಡುವುದು ಅದರ ಪಕ್ಕದಲ್ಲಿ ಹುಟ್ಟಿದ ಮರಿಗಳು. ಅದಕ್ಕೇ ಹೂ ಮುಗಿದ ಕಡ್ಡಿಯನ್ನಷ್ಟೇ ಕತ್ತರಿಸಿ, ಹಸಿರು ಎಲೆಗೆ ಕೈ ಹಚ್ಚಬೇಡಿ. ಮರಿಗಳು ದಪ್ಪ ಆಗುವುದು ಆ ಎಲೆಯಿಂದಲೇ ಅಲ್ವಾ? ಮೂರು ವರ್ಷಕ್ಕೆ ಒಂದೇ ಬುಡದಲ್ಲಿ ಹತ್ತಾರು ಮರಿ ಒತ್ತೊತ್ತಾಗಿ ಹೂ ಕಮ್ಮಿಯಾಗುತ್ತದೆ. ಆಗ ನೀರು ನಿಲ್ಲಿಸಿ, ಎಲೆ ಹಳದಿಯಾದ ಮೇಲೆ ಅಗೆದು, ನೆರಳಲ್ಲಿ ಹರಡಿ ಕೆಲವು ವಾರ ಆರಲು ಬಿಡಿ. ದಪ್ಪಗಿದ್ದದ್ದನ್ನು ಮತ್ತೆ ನೆಡಿ. ಬೆರಳ ತುದಿಯಷ್ಟಿರುವ ಮರಿಗಳನ್ನು ಬೇರೆ ಕುಂಡಕ್ಕೆ ಹಾಕಿ, ಅವು ಹೂ ಬಿಡಲು ಒಂದು ವರ್ಷ ಕಾಯಬೇಕು. ಪಾತಿಗೆ ಒಂದು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಬೇರಿನ ಜಂತುಹುಳದ ಕಾಟವೂ ಕಡಿಮೆ.

ಹೂದಾನಿಗಾದರೆ ಕೆಳಗಿನ ಎರಡು ಹೂ ಅರಳಿದಾಗ ಬೆಳಿಗ್ಗೆಯೇ ಕಡ್ಡಿ ಕತ್ತರಿಸಿ. ದಿನಾ ನೀರು ಬದಲಿಸಿ. ರಾತ್ರಿ ಪರಿಮಳ ಏರುತ್ತದೆ, ತಲೆನೋವು ಬರುವವರು ಮಲಗುವ ಕೋಣೆಯಲ್ಲಿ ಇಡಬೇಡಿ.

ಹೋದ ಸಲ ಅಗೆದಾಗ ಪಕ್ಕದ ಮನೆಯವರಿಗೆ ಒಂದು ಮೊರದ ತುಂಬ ಗೆಡ್ಡೆ ಕೊಟ್ಟೆ. ಅವರೂ ಹಾರೆ ಹಿಡಿದು ಬಚ್ಚಲ ಕಡೆಗೇ ಹೊರಟಿದ್ದರು!