ಕಡ್ಡಿ ಕಬಾಬು: ಸುಡುವ ಹದ, ತಿನ್ನುವ ಹದ

ನಮ್ಮ ಊರುಗಳಲ್ಲಿ ಕಬಾಬು ಅಂದರೆ ಬಾಣಲೆಯ ಎಣ್ಣೆಯಲ್ಲಿ ಕರಿದ ಕೆಂಪು ಕೋಳಿಯೇ ಕಣ್ಣಮುಂದೆ ಬರುತ್ತದೆ. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟದ್ದು ಬೇಕಾದರೆ ಬೆಂಗಳೂರಿನ ಶಿವಾಜಿನಗರದಂಥ ಕಡೆ ಹೋಗಿ ಶೀಕ್ ಅಂತಲೇ ಕೇಳಬೇಕು. ಹಾಗಂತ ಸುಡುವ ಅಡುಗೆ ನಮಗೆ ಹೊಸದಲ್ಲ. ಗೊಜ್ಜಿಗೆ ಬದನೆಕಾಯಿ ಸುಡುತ್ತೇವೆ, ಮುಸುಕಿನ ಜೋಳ ಸುಡುತ್ತೇವೆ, ಹಪ್ಪಳ ಸುಡುತ್ತೇವೆ. ಅಷ್ಟು ಗೊತ್ತಿರುವ ಕೈಗೆ ಕಡ್ಡಿ ಕಬಾಬು ಕಷ್ಟವಾಗುವುದಿಲ್ಲ. ಅರ್ಧ ಕಿಲೋ ಕೋಳಿಗೋ ಪನೀರಿಗೋ ಒಂದೂವರೆ ದೊಡ್ಡ ಚಮಚ ಎಣ್ಣೆಯಲ್ಲಿ ಕೆಲಸ ಮುಗಿಯುತ್ತದೆ.

ಮೊದಲು ಬಣ್ಣದ ವಿಚಾರ ಹೇಳಿಬಿಡುತ್ತೇನೆ. ಕೋಳಿ, ಮೀನು ಮತ್ತು ತರಕಾರಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ನಿಷೇಧಿಸಿತು. ಮನೆಯಲ್ಲಂತೂ ಆ ಪುಡಿಯ ಅಗತ್ಯವೇ ಇಲ್ಲ. ಎಂಟು ಬ್ಯಾಡಗಿ ಮೆಣಸಿನಕಾಯಿಯ ಬೀಜ ಕೊಡವಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆದಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ರುಬ್ಬಿ. ಅರ್ಧ ಕಿಲೋ ಕೋಳಿಗೆ ಬೇಕಾದ ಕೆಂಪು ಅದರಲ್ಲೇ ಸಿಗುತ್ತದೆ, ಖಾರವೂ ಗಂಟಲಿಗೆ ಹತ್ತುವುದಿಲ್ಲ. ಖಾರ ಬೇಕೆನ್ನುವವರು ಎರಡು ಗುಂಟೂರು ಸೇರಿಸಿಕೊಳ್ಳಲಿ.

ಕೋಳಿಯಲ್ಲಿ ಮೂಳೆ ತೆಗೆದ ತೊಡೆಯ ಮಾಂಸವೇ ಕಡ್ಡಿಗೆ ಒಳ್ಳೆಯದು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಒಂದೆರಡು ನಿಮಿಷ ಹೆಚ್ಚಾದರೂ ನಾರಾಗುತ್ತದೆ. ಎದೆಯೇ ಬೇಕೆನ್ನುವವರು ಮೊಸರಿನಲ್ಲಿ ಕನಿಷ್ಠ ನಾಲ್ಕು ಗಂಟೆ ಇಡಬೇಕು. ತುಂಡು ಒಂದೂವರೆ ಅಂಗುಲ ಇರಲಿ. ಅದಕ್ಕಿಂತ ಮುಖ್ಯ, ಎಲ್ಲ ತುಂಡುಗಳೂ ಒಂದೇ ಅಳತೆಯಲ್ಲಿರಬೇಕು. ಒಂದು ದೊಡ್ಡದು ಒಂದು ಚಿಕ್ಕದು ಇದ್ದರೆ ಒಂದೇ ಕಡ್ಡಿಯಲ್ಲಿ ಒಂದು ಹಸಿ, ಇನ್ನೊಂದು ಒಣಗಿದ್ದು ಸಿಗುತ್ತದೆ.

ಮಸಾಲೆಯನ್ನು ಎರಡು ಸಲ ಹಚ್ಚಬೇಕು. ಮೊದಲು ಅರ್ಧ ಕಿಲೋ ಮಾಂಸಕ್ಕೆ ಮುಕ್ಕಾಲು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ನಿಂಬೆರಸ, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ನೀರು ಬಿಟ್ಟುಕೊಳ್ಳುತ್ತದೆ, ಅದನ್ನು ಬಸಿಯಿರಿ. ಆಮೇಲೆ ಅರ್ಧ ಕಪ್ ಗಟ್ಟಿ ಮೊಸರು, ರುಬ್ಬಿದ ಮೆಣಸಿನಕಾಯಿ, ಒಂದು ಟೀ ಚಮಚ ಧನಿಯಾ ಪುಡಿ, ಅರ್ಧ ಟೀ ಚಮಚ ಗರಂ ಮಸಾಲೆ, ಚಿಟಿಕೆ ಅರಿಶಿನ, ಅಂಗೈಯಲ್ಲಿ ತಿಕ್ಕಿದ ಕಸೂರಿ ಮೇಥಿ, ಒಂದು ದೊಡ್ಡ ಚಮಚ ಹುರಿಗಡಲೆ ಹಿಟ್ಟು, ಒಂದು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಕಲಸಿ ಹಚ್ಚಿ. ಗಟ್ಟಿ ಮೊಸರು ಅಂದರೆ ತೆಳು ಬಟ್ಟೆಯಲ್ಲಿ ಕಟ್ಟಿ ಮೂರು ಗಂಟೆ ನೇತುಹಾಕಿ ನೀರಿಳಿಸಿದ್ದು. ಅವಸರಕ್ಕೆ ತೆಳು ಮೊಸರು ಸುರಿಯುವುದೇ ಹೆಚ್ಚಿನ ಮನೆಗಳಲ್ಲಿ ಕಬಾಬು ಕೆಡುವುದಕ್ಕೆ ಕಾರಣ. ನೀರು ಹಿಂಗುವವರೆಗೆ ಮಾಂಸ ಬೇಯುತ್ತಾ ಇರುತ್ತದೆಯೇ ಹೊರತು ಸುಡುವುದಿಲ್ಲ. ಮೇಲಿನ ಮಸಾಲೆಯೆಲ್ಲ ಜಾರಿ ಕೆಂಡಕ್ಕೆ ಬೀಳುತ್ತದೆ. ಹುರಿಗಡಲೆ ಹಿಟ್ಟು ಹಾಕುವುದೂ ಮಸಾಲೆ ಮಾಂಸಕ್ಕೆ ಅಂಟಿ ನಿಲ್ಲಲಿ ಅಂತ.

ಬೇಗ ಮೆತ್ತಗಾಗಲಿ ಅಂತ ಕೆಲವರು ಹಸಿ ಪರಂಗಿಕಾಯಿ ಅರೆದು ಹಾಕುತ್ತಾರೆ. ಕುರಿ ಮಾಂಸಕ್ಕೆ ಸರಿ, ಅರ್ಧ ಕಿಲೋಗೆ ಒಂದು ದೊಡ್ಡ ಚಮಚ, ಒಂದು ಗಂಟೆ. ಕೋಳಿಗೆ ಅದು ಬೇಡವೇ ಬೇಡ. ಪರಂಗಿಯ ಹಾಲಿನಲ್ಲಿರುವ ಪಪೇನ್ ಮಾಂಸದ ಎಳೆಗಳನ್ನೇ ಕಡಿಯುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ಕಡ್ಡಿಗೆ ಚುಚ್ಚಲು ತುಂಡೇ ಉಳಿದಿರುವುದಿಲ್ಲ, ಮುದ್ದೆಯಾಗಿರುತ್ತದೆ.

ಪನೀರಿಗೆ ಇದೇ ಮಸಾಲೆ ಆಗುತ್ತದೆ. ಬೇಕಾದರೆ ಅರ್ಧ ಟೀ ಚಮಚ ಓಮ ತಿಕ್ಕಿ ಹಾಕಿ, ಅರ್ಧ ಗಂಟೆ ಇಟ್ಟರೆ ಸಾಕು. ಮಸಾಲೆ ಪನೀರಿನ ಒಳಕ್ಕೆ ಹೆಚ್ಚೇನೂ ಇಳಿಯುವುದಿಲ್ಲ, ಹಾಗಾಗಿ ಗಂಟೆಗಟ್ಟಲೆ ಇಟ್ಟು ಪ್ರಯೋಜನವಿಲ್ಲ. ಫ್ರಿಜ್ಜಿನಿಂದ ತೆಗೆದ ಪನೀರು ಗಟ್ಟಿಯಾಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಬಿಟ್ಟು ಒರೆಸಿಕೊಳ್ಳಿ, ಚುಚ್ಚುವಾಗ ಒಡೆಯುವುದಿಲ್ಲ. ಒಂದು ಮಾತು ನೆನಪಿರಲಿ. ಪನೀರು ಸಸ್ಯಾಹಾರ ಅಂದಮಾತ್ರಕ್ಕೆ ಹಗುರವಲ್ಲ. ಹಾಲಿನ ಕೊಬ್ಬೆಲ್ಲ ಅದರಲ್ಲೇ ಇರುತ್ತದೆ, ನೂರು ಗ್ರಾಂನಲ್ಲಿ ಕೊಬ್ಬೇ ಸುಮಾರು ಇಪ್ಪತ್ತು ಗ್ರಾಂ. ಕಡ್ಡಿಗೆ ಮೂರು ತುಂಡು ಪನೀರು ಹಾಕಿ ಉಳಿದ ಜಾಗವನ್ನು ತರಕಾರಿಗೆ ಬಿಡಿ.

ಆ ತರಕಾರಿಯಲ್ಲೂ ಒಂದು ಲೆಕ್ಕವಿದೆ. ಈರುಳ್ಳಿ ಎಸಳು, ದೊಣ್ಣೆಮೆಣಸಿನಕಾಯಿ ಪನೀರಿನ ಜೊತೆ ಒಂದೇ ಹೊತ್ತಿಗೆ ಆಗುತ್ತವೆ. ಗೆಣಸು, ಆಲೂಗಡ್ಡೆ, ಸೀಮೆಬದನೆ, ಹೂಕೋಸು ಹಾಗಲ್ಲ. ಅವನ್ನು ಉಪ್ಪುನೀರಿನಲ್ಲಿ ಮುಕ್ಕಾಲು ಬೇಯಿಸಿ, ಬಸಿದು, ಆರಿಸಿ ಆಮೇಲೆ ಚುಚ್ಚಬೇಕು. ಅಣಬೆ ಬೆಂದು ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಇಡಿಯಾಗಿಯೇ ಇರಲಿ. ಟೊಮೆಟೊ ತಿರುಳು ತೆಗೆಯದೆ ಹಾಕಿದರೆ ಪಕ್ಕದ ತುಂಡುಗಳನ್ನೂ ಒದ್ದೆ ಮಾಡುತ್ತದೆ. ಕೋಳಿ, ಈರುಳ್ಳಿ, ಟೊಮೆಟೊ ಸಾಲಾಗಿ ಇರುವ ಬಣ್ಣದ ಕಡ್ಡಿ ನೋಡಲು ಚೆಂದ, ಆದರೆ ಕೋಳಿ ಬೇಯುವ ಹೊತ್ತಿಗೆ ಈರುಳ್ಳಿ ಕರಕಲಾಗಿರುತ್ತದೆ. ಕೋಳಿಗೆ ಬೇರೆ ಕಡ್ಡಿ, ತರಕಾರಿಗೆ ಬೇರೆ ಕಡ್ಡಿ ಇಟ್ಟುಕೊಳ್ಳಿ. ತಟ್ಟೆಯಲ್ಲಿ ಒಟ್ಟಿಗೆ ಬಡಿಸಿದರಾಯಿತು.

ಮೀನಿನಲ್ಲಿ ಅಂಜಲ್‌ನಂಥ ಗಟ್ಟಿ ಮಾಂಸದ್ದೇ ಆಗಬೇಕು. ಬೂತಾಯಿ, ಬಂಗುಡೆಯನ್ನು ತುಂಡು ಮಾಡಿ ಕಡ್ಡಿಗೆ ಹಾಕಲು ಹೋಗಬೇಡಿ, ಅವನ್ನು ಇಡಿಯಾಗಿ ಕಾವಲಿಯ ಮೇಲೆ ಸುಡುವುದೇ ಸರಿ. ಸಿಗಡಿಗೆ ಒಂದೊಂದು ಬದಿಗೆ ಎರಡು ನಿಮಿಷ ಸಾಕು. ಅರ್ಧಚಂದ್ರದಂತೆ ಬಾಗಿದಾಗ ತೆಗೆದುಬಿಡಿ. ಪೂರ್ತಿ ಸುತ್ತಿಕೊಂಡು ಉಂಗುರವಾದರೆ ರಬ್ಬರಿನಂತಾಗಿದೆ ಎಂದೇ ಅರ್ಥ.

ಬಿದಿರು ಕಡ್ಡಿಗಳನ್ನು ಅರ್ಧ ಗಂಟೆಯಾದರೂ ಪೂರ್ತಿ ಮುಳುಗಿಸಿ ನೆನೆಸಬೇಕು. ತೇಲದಂತೆ ಮೇಲೊಂದು ತಟ್ಟೆ ಹೇರಿ. ತುಂಡು ತಿರುಗಿಸುವಾಗ ಕಡ್ಡಿ ಮಾತ್ರ ತಿರುಗಿ ತುಂಡು ಅಲ್ಲೇ ನಿಲ್ಲುವ ತೊಂದರೆ ಇದ್ದರೆ ಎರಡು ಕಡ್ಡಿಗಳನ್ನು ಬೆರಳಗಲ ಬಿಟ್ಟು ಜೋಡಿಯಾಗಿ ಚುಚ್ಚಿ. ತುಂಡುಗಳನ್ನು ಒತ್ತಿ ತುಂಬಬಾರದು. ನಡುವೆ ಒಂದು ಎಳೆಯಷ್ಟು ಜಾಗವಿದ್ದರೆ ಎಲ್ಲ ಬದಿಗೂ ಕಾವು ತಾಗುತ್ತದೆ. ಕೈಮಾ ಮಾಡಿ ಸುತ್ತುವ ಶೀಕ್‌ಗೆ ಮಾತ್ರ ಚಪ್ಪಟೆ ಸ್ಟೀಲ್ ಸರಳು ಬೇಕು. ಅದು ಜಾರಿ ಬೀಳುವುದಕ್ಕೆ ಕಾರಣ ಯಾವಾಗಲೂ ನೀರು. ಹೆಚ್ಚಿದ ಈರುಳ್ಳಿ, ಕೊತ್ತಂಬರಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿ, ಕೈಮಾವನ್ನು ಚಪಾತಿ ಹಿಟ್ಟಿನಂತೆ ಐದು ನಿಮಿಷ ನಾದಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಕೈ ಒದ್ದೆ ಮಾಡಿಕೊಂಡು ಸರಳಿಗೆ ಸುತ್ತಿ.

ಇನ್ನು ಬೆಂಕಿ. ಇದ್ದಿಲಿನಲ್ಲಿ ಮಾಡುವವರು ಮಾಳಿಗೆ ಮೇಲೋ ಹಿತ್ತಲಲ್ಲೋ ಬಯಲಲ್ಲೇ ಮಾಡಬೇಕು. ಅಡುಗೆಮನೆಯ ಕಿಟಕಿ ತೆಗೆದರೂ ಸಾಲದು, ಬಾಲ್ಕನಿಗೆ ಗಾಜು ಹಾಕಿಸಿದ್ದರೆ ಅಲ್ಲೂ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಚಳಿ ಅಂತ ಉಳಿದ ಕೆಂಡವನ್ನು ಕೋಣೆಯೊಳಗೆ ತರುವುದಂತೂ ಕೂಡದು. ಇದ್ದಿಲು ಹೊತ್ತಿದ ಕೂಡಲೇ ಕಡ್ಡಿ ಇಡುವ ಆತುರವೂ ಬೇಡ. ಜ್ವಾಲೆ ಅಡಗಿ, ಕೆಂಡದ ಮೇಲೆ ಬೂದಿಯ ತೆಳುಪದರ ಕೂತಾಗ ಹದ ಬಂದಿದೆ. ಕಡ್ಡಿ ಇಡುವಷ್ಟು ಎತ್ತರದಲ್ಲಿ ಅಂಗೈ ಹಿಡಿದು ನೋಡಿ. ನಾಲ್ಕೈದು ಎಣಿಸುವಷ್ಟು ಹೊತ್ತು ತಾಳಬಹುದಾದರೆ ಕೋಳಿಗೆ ಸರಿ, ಎರಡು ಎಣಿಸುವಷ್ಟರಲ್ಲಿ ಕೈ ಹಿಂದೆ ಬಂದರೆ ಇನ್ನೂ ಜೋರಿದೆ. ಕೆಂಡವನ್ನೆಲ್ಲ ಒಂದು ಬದಿಗೆ ಸರಿಸಿ ಇನ್ನೊಂದು ಬದಿ ಖಾಲಿ ಬಿಟ್ಟಿರಿ. ಕೊಬ್ಬು ತೊಟ್ಟಿಕ್ಕಿ ಉರಿ ಎದ್ದಾಗ ಕಡ್ಡಿಯನ್ನು ಆ ಕಡೆಗೆ ಎಳೆದುಕೊಳ್ಳಲು ಜಾಗ ಬೇಕಲ್ಲ. ಆ ಕೊಬ್ಬಿನ ಹೊಗೆ ಮಾಂಸಕ್ಕೆ ಹತ್ತುವುದೂ, ಮಾಂಸ ಕಪ್ಪಗೆ ಕರಕಲಾಗುವುದೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಕ್ಯಾನ್ಸರ್ ತರಬಲ್ಲ ವಸ್ತುಗಳು ಹುಟ್ಟುವುದು ಅಲ್ಲೇ. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ತಿರುಗಿಸುತ್ತಿರಿ, ಕಪ್ಪಾದ ತುದಿಗಳನ್ನು ಕತ್ತರಿಸಿ ಬಿಸಾಡಿ. ಅಲ್ಲಲ್ಲಿ ಕಂದು ಚುಕ್ಕೆ ಬಂದರೆ ರುಚಿಗೆ ಅಷ್ಟೇ ಸಾಕು.

ಕೆಂಡವಿಲ್ಲದವರಿಗೆ ದೋಸೆಯ ಕಬ್ಬಿಣದ ಕಾವಲಿಯೇ ಇದೆ. ಕಡ್ಡಿ ಎಂಟು ಅಂಗುಲಕ್ಕಿಂತ ಉದ್ದ ಬೇಡ. ಕಾವಲಿ ಚೆನ್ನಾಗಿ ಕಾದ ಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ದೋಸೆಗೆ ಉಜ್ಜುವಂತೆಯೇ ಉಜ್ಜಿ, ಕಡ್ಡಿಗಳನ್ನಿಟ್ಟು ಮಧ್ಯಮ ಉರಿ ಮಾಡಿ. ಒಮ್ಮೆಗೆ ನಾಲ್ಕೇ ಕಡ್ಡಿ. ಹೆಚ್ಚು ತುಂಬಿದರೆ ಕಾವಲಿ ತಣಿದು ಮಾಂಸ ನೀರು ಬಿಡುತ್ತದೆ. ಕೋಳಿಗೆ ಹನ್ನೆರಡರಿಂದ ಹದಿನೈದು ನಿಮಿಷ, ಪನೀರಿಗೆ ಆರೇಳು ನಿಮಿಷ ಹಿಡಿಯುತ್ತದೆ. ಓಟಿಜಿ, ಅಂದರೆ ಮೇಜಿನ ಮೇಲಿಡುವ ಚಿಕ್ಕ ಕರೆಂಟ್ ಓವನ್, ಇದ್ದರೆ 220 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ ಮೇಲಿನ ಅಂತಸ್ತಿನಲ್ಲಿಡಿ, ಕೆಳಗೆ ರಸ ಬೀಳಲು ತಟ್ಟೆ ಇರಲಿ. ಕೋಳಿ ಬೆಂದಿದೆಯೇ ಎಂದು ತಿಳಿಯಲು ಅತಿ ದಪ್ಪ ತುಂಡನ್ನು ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು. ಥರ್ಮಾಮೀಟರ್ ಇರುವವರು 74 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಲಿ. ಹಸಿ ಕೋಳಿಯಿದ್ದ ಪಾತ್ರೆಯಲ್ಲಿ ಉಳಿದ ಮಸಾಲೆಯನ್ನು ಕೊನೆಯಲ್ಲಿ ಸವರುವುದಾಗಲಿ, ಚಟ್ನಿಗೆ ಬೆರೆಸುವುದಾಗಲಿ ಮಾಡಬೇಡಿ. ಸವರಲು ಬೇಕಾದ್ದನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ.

ತಿನ್ನುವ ವಿಷಯಕ್ಕೆ ಬಂದರೆ, ಕರಿದ ಕಬಾಬು ಬಟ್ಟಲು ತುಂಬ ಒಟ್ಟಿಗೆ ಬರುತ್ತದೆ, ಕಡ್ಡಿ ಕಬಾಬು ಸುತ್ತುಸುತ್ತಾಗಿ ಬರುತ್ತದೆ. ನಾಲ್ಕು ಕಡ್ಡಿ ಆದ ಮೇಲೆ ಮುಂದಿನ ನಾಲ್ಕಕ್ಕೆ ಕಾಲು ಗಂಟೆ ಕಾಯಬೇಕು. ಅಡುಗೆ ಮಾಡುವವರಿಗೆ ಇದು ತೊಡಕು ಅನ್ನಿಸಬಹುದು, ಹೊಟ್ಟೆಗೆ ಮಾತ್ರ ಇದರಿಂದ ಒಳ್ಳೆಯದೇ. ತುಂಬಿತು ಎನ್ನುವುದು ತಲೆಗೆ ತಿಳಿಯಲು ಸುಮಾರು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎಲ್ಲವನ್ನೂ ಮಾಡಿಟ್ಟು, ಬಿಸಿ ಆರದಿರಲಿ ಅಂತ ಒಟ್ಟಿಗೆ ಬಡಿಸಿದರೆ ಆ ಬಿಡುವೇ ಸಿಗುವುದಿಲ್ಲ. ಮೊದಲ ಸುತ್ತಿಗೆ ತಲೆಗೊಂದು ಕಡ್ಡಿ ಬಡಿಸಿ. ಎರಡನೆಯ ಸುತ್ತು ಬೇಯುವವರೆಗೆ ಹೆಸರುಬೇಳೆ ಕೋಸಂಬರಿಯೋ ಸೌತೆಕಾಯಿಯೋ ತಿನ್ನಲಿ, ಮಾತಾಡಲಿ. ಆಮೇಲೆ ಎರಡನೆಯ ಕಡ್ಡಿ ಬೇಕೇ ಎಂದು ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ.

ಖಾಲಿ ಕಡ್ಡಿಗಳನ್ನು ಅವರವರ ತಟ್ಟೆಯ ಅಂಚಿನಲ್ಲೇ ಇಡಲು ಹೇಳಿ. ಎಷ್ಟು ತಿಂದೆವೆಂದು ಕಣ್ಣಿಗೆ ಕಾಣುತ್ತಿರುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಕಡ್ಡಿ ಕೊಡಬಾರದು, ತುಂಡುಗಳನ್ನು ಬಿಡಿಸಿ ತಟ್ಟೆಗೆ ಹಾಕಿ. ಟೀವಿ, ಮೊಬೈಲು ಆಚೆ ಇರಲಿ, ಎಲ್ಲರೂ ಕೂತು ತಿನ್ನಲಿ. ಅತಿ ಹೆಚ್ಚು ತಿನ್ನುವುದು ಒಲೆಯ ಬಳಿ ನಿಂತವರು, ಬೆಂದಿದೆಯೇ ನೋಡೋಣ ಅಂತ ಒಂದೊಂದೇ ತುಂಡು ಬಾಯಿಗೆ ಹೋಗುತ್ತದೆ. ಅಡುಗೆ ಮಾಡಿದವರಿಗೂ ಒಂದು ತಟ್ಟೆ ಇಟ್ಟು, ಅವರು ಕೂತ ಮೇಲೆ ಉಳಿದವರಲ್ಲೊಬ್ಬರು ಎದ್ದು ಕಡ್ಡಿ ತಿರುಗಿಸಲಿ.

ಜೊತೆಗೆ ಮೈದಾದ ರೊಟ್ಟಿ ಬೇಡ, ಒಂದು ಜೋಳದ ರೊಟ್ಟಿಯೋ ರಾಗಿ ರೊಟ್ಟಿಯೋ ಇರಲಿ. ಮೇಲೆ ಉದುರಿಸುವ ಚಾಟ್ ಮಸಾಲೆಯಲ್ಲಿ ಉಪ್ಪೇ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಅದರಲ್ಲಿ ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಸಾರಿನ ಉಪ್ಪೂ ಸೇರಿದೆ. ಚಾಟ್ ಮಸಾಲೆಯ ಬದಲು ನಿಂಬೆ ಹಿಂಡಿ, ಹುರಿದು ಪುಡಿಮಾಡಿದ ಜೀರಿಗೆ ಉದುರಿಸಿ. ಚಟ್ನಿಗೆ ಪುದೀನ, ಕೊತ್ತಂಬರಿ, ಹಸಿಮೆಣಸು, ಮೊಸರು ಸಾಕು, ಮೇಯನೇಸ್ ಹಾಕಿದರೆ ಕರಿಯದೆ ಉಳಿಸಿದ ಎಣ್ಣೆಯೆಲ್ಲ ಹಿಂಬಾಗಿಲಿನಿಂದ ಬಂದಂತೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಕಡ್ಡಿಯಿಂದ ಬಿಡಿಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವಾಗ ಕಾವಲಿಗೆ ಹಾಕಿ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡುವವರೆಗೆ ಬಿಡಬೇಕು, ಒಣಗುವುದಿಲ್ಲ. ಸಣ್ಣಗೆ ಸೀಳಿ, ಹಸಿ ಈರುಳ್ಳಿ, ನಿಂಬೆರಸ ಬೆರೆಸಿ ಬಿಸಿ ರೊಟ್ಟಿಯಲ್ಲಿ ಸುತ್ತಿದರೆ ಮರುದಿನದ ಡಬ್ಬಿಗೆ ಬುತ್ತಿಯೂ ಆಯಿತು.