ಪಹಣಿ ತಕರಾರು: ತಹಸೀಲ್ದಾರರು ತೀರ್ಮಾನಿಸುವುದೇನು, ಅವರ ಮುಂದೆ ಮಂಡಿಸುವುದು ಹೇಗೆ

ಜಮೀನಿನ ದಾಖಲೆಯ ಬಗ್ಗೆ ತಕರಾರು ಎದ್ದಾಗ ನಮ್ಮಲ್ಲಿ ಹೆಚ್ಚಿನವರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತುವುದು, ಜಮೀನು ಯಾರದ್ದೆಂದು ತಹಸೀಲ್ದಾರರೇ ಹೇಳಿಬಿಡಲಿ ಎಂಬ ನಿರೀಕ್ಷೆಯಿಂದ. ಆದರೆ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಅಡಿಯಲ್ಲಿ ಅವರು ತೀರ್ಮಾನಿಸುವುದು ಹಕ್ಕುದಾಖಲೆಯಲ್ಲಿ, ಅಂದರೆ ಪಹಣಿಯಲ್ಲಿ, ಸದ್ಯಕ್ಕೆ ಯಾರ ಹೆಸರು ಇರಬೇಕು ಎಂಬುದನ್ನು ಮಾತ್ರ. ಅದೇ ಕಾಯ್ದೆಯ 133ನೇ ಪ್ರಕರಣದಂತೆ (ಸೆಕ್ಷನ್) ಆ ನಮೂದು ತಪ್ಪೆಂದು ಸಾಬೀತಾಗುವವರೆಗೆ ಅದನ್ನು ಸರಿಯೆಂದೇ ಭಾವಿಸಲಾಗುತ್ತದೆ. ಮಾಲೀಕತ್ವದ ಘೋಷಣೆ ಬೇಕಾದವರು 135ನೇ ಪ್ರಕರಣ ಸೂಚಿಸುವಂತೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಈ ಗೆರೆಯನ್ನು ಮೊದಲೇ ಅರಿತವರು ಕಂದಾಯ ಅಧಿಕಾರಿಯಿಂದ ಸಿಗಬಹುದಾದದ್ದನ್ನು ಬೇಗ ಪಡೆಯುತ್ತಾರೆ. ಅರಿಯದವರು ಸಿಗಲಾರದ್ದಕ್ಕಾಗಿ ವರ್ಷಗಟ್ಟಲೆ ಅಲೆಯುತ್ತಾರೆ.

ಕ್ರಯಪತ್ರ ನೋಂದಣಿಯಾದ ಕೂಡಲೇ ಉಪನೋಂದಣಾಧಿಕಾರಿಗಳ ಕಚೇರಿಯಿಂದ, ಪಹಣಿಗಳನ್ನು ಗಣಕಯಂತ್ರದಲ್ಲಿ ನಿರ್ವಹಿಸುವ ಭೂಮಿ ಕೇಂದ್ರಕ್ಕೆ ಮಾಹಿತಿ ಹೋಗುತ್ತದೆ. ಪೌತಿ (ಖಾತೆದಾರರ ಮರಣ), ವಿಲ್ಲು ಮುಂತಾದ ಸಂದರ್ಭಗಳಲ್ಲಿ ಹಕ್ಕು ಪಡೆದವರೇ ಅರ್ಜಿ ಕೊಡಬೇಕಾಗುತ್ತದೆ. ಆ ಬಳಿಕ ಹಿತಾಸಕ್ತಿ ಉಳ್ಳವರಿಗೆ ನೋಟಿಸು ಹೊರಡುತ್ತದೆ. ಆಕ್ಷೇಪಣೆ ಇದ್ದರೆ ನೋಟಿಸಿನಲ್ಲಿ ಕಾಣಿಸಿದ ಅವಧಿಯೊಳಗೆ, ಬರವಣಿಗೆಯಲ್ಲೇ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಬಾಯಿಮಾತಿನಲ್ಲಿ ಹೇಳಿ ಬಂದದ್ದನ್ನು ಮುಂದೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಿಖಿತ ಆಕ್ಷೇಪಣೆ ಬಂದರೆ ಅದು ತಕರಾರು ಪ್ರಕರಣಗಳ ವಹಿಗೆ ಏರುತ್ತದೆ, ಉಭಯ ಪಕ್ಷದವರನ್ನೂ ಕರೆದು ವಿಚಾರಣೆ ನಡೆಯುತ್ತದೆ. ಆಕ್ಷೇಪಣೆಯೇ ಇಲ್ಲದಿದ್ದರೆ ಬದಲಾವಣೆ ಸಾಮಾನ್ಯ ಕ್ರಮದಲ್ಲಿ ಪ್ರಮಾಣೀಕೃತವಾಗಿಬಿಡುತ್ತದೆ.

ವಿಚಾರಣೆಯಲ್ಲಿ ಎಲ್ಲ ಕಾಗದಗಳಿಗೂ ಒಂದೇ ತೂಕವಿಲ್ಲ. ನ್ಯಾಯಾಲಯದ ಡಿಕ್ರಿ ಇದ್ದರೆ ಅಧಿಕಾರಿ ಅದಕ್ಕೆ ಬದ್ಧರು. ನೋಂದಾಯಿತ ಪತ್ರವಿದ್ದಲ್ಲಿ, ಬರೆದುಕೊಟ್ಟವರ ಹೆಸರು ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಂನಲ್ಲಿ ಇದೆಯೇ, ಪತ್ರದಲ್ಲಿನ ವಿಸ್ತೀರ್ಣ ಅವರ ಖಾತೆಯ ವಿಸ್ತೀರ್ಣವನ್ನು ಮೀರಿದೆಯೇ, ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರಾಟವಾಗಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಇದೆಯೇ ಎಂದು ನೋಡುತ್ತಾರೆ. ಪತ್ರವೇ ಮೋಸದಿಂದ ಆದದ್ದೆಂಬ ವಾದವನ್ನು ಅವರು ಪರಿಶೀಲಿಸಿ ರದ್ದುಮಾಡಲಾರರು. ಆ ಅಧಿಕಾರ ಸಿವಿಲ್ ನ್ಯಾಯಾಲಯದ್ದು. ವಿಲ್ಲಿನ ವಿಷಯದಲ್ಲೂ ಹೀಗೆಯೇ: ಅದರ ನಿಜಾಯಿತಿಯನ್ನು ಉಳಿದ ವಾರಸುದಾರರು ಅಲ್ಲಗಳೆದರೆ ಸಿವಿಲ್ ನ್ಯಾಯಾಲಯದ ತೀರ್ಪಿನ ಮೇಲೆಯೇ ಖಾತೆ ಆಗಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸ್ಪಷ್ಟವಾಗಿ ಹೇಳಿತು. ಆದ್ದರಿಂದ ಆಕ್ಷೇಪಣೆ ಬರೆಯುವಾಗ ಕುಟುಂಬದ ಹಳೆಯ ಅನ್ಯಾಯಗಳನ್ನೆಲ್ಲ ಪುಟಗಟ್ಟಲೆ ತುಂಬುವ ಬದಲು, ಕೇಳಿರುವ ನಮೂದನ್ನು ಮಾಡಲು ಯಾವ ದಾಖಲೆ ಸಾಲದು, ಯಾವ ದಾಖಲೆ ಅದಕ್ಕೆ ಅಡ್ಡಬರುತ್ತದೆ ಎಂಬುದನ್ನು ಒಂದೆರಡು ಪುಟದಲ್ಲಿ ಹೇಳಿ, ಹಳೆಯ ಪಹಣಿಗಳು, ಹಿಂದಿನ ಎಂಆರ್ (ಖಾತೆ ಬದಲಾವಣೆ ವಹಿ) ಪ್ರತಿಗಳು ಮತ್ತು ಋಣಭಾರ ಪ್ರಮಾಣಪತ್ರವನ್ನು ಜೊತೆಗಿಡುವುದು ಮೇಲು.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಪೌತಿ ಖಾತೆಯಲ್ಲಿ. ಇಲ್ಲಿ ಎಲ್ಲವೂ ವಂಶವೃಕ್ಷದ ಮೇಲೆ ನಿಂತಿರುತ್ತದೆ, ಮತ್ತು ವಂಶವೃಕ್ಷದಲ್ಲಿ ಮೊದಲು ಕಾಣೆಯಾಗುವ ಹೆಸರುಗಳು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕಿದೆ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ನಿಬಂಧನೆಯೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಹೀಗಿದ್ದೂ ನೋಟಿಸು ತವರಿನ ವಿಳಾಸಕ್ಕಷ್ಟೇ ಹೋಗಿ, ಅಣ್ಣತಮ್ಮಂದಿರ ಹೆಸರಿಗೆ ಖಾತೆಯಾಗಿಬಿಡುವುದು ತೀರಾ ಸಾಮಾನ್ಯ. ಇದು ಸಣ್ಣ ಲೋಪವಲ್ಲ. ಆ ಪಹಣಿಯನ್ನು ತೋರಿಸಿಯೇ ಮುಂದೆ ಸಾಲ, ಮಾರಾಟ, ಪರಿಹಾರಧನದ ವ್ಯವಹಾರಗಳು ನಡೆಯುತ್ತವೆ. ತಂದೆ ಅಥವಾ ತಾಯಿ ತೀರಿಕೊಂಡ ಮೇಲೆ ಭೂಮಿ ಜಾಲತಾಣದಲ್ಲಿ ಆ ಸರ್ವೆ ನಂಬರಿನ ಪಹಣಿಯನ್ನು ಆಗಾಗ ನೋಡುತ್ತಿರುವುದು, ತಾವೂ ವಾರಸುದಾರರೆಂದು ತಿಳಿಸಿ ಮರಣ ಪ್ರಮಾಣಪತ್ರ ಮತ್ತು ಸಂಬಂಧ ತೋರಿಸುವ ದಾಖಲೆಗಳೊಂದಿಗೆ ನಾಡಕಚೇರಿಗೆ ಮೊದಲೇ ಅರ್ಜಿ ಕೊಡುವುದು ಪ್ರತಿ ಹೆಣ್ಣುಮಗಳೂ ಮಾಡಬಹುದಾದ ಕೆಲಸ. ಪಾಲು ಆಗಿಲ್ಲದಿದ್ದರೆ ಎಲ್ಲ ವಾರಸುದಾರರ ಹೆಸರಿಗೆ ಜಂಟಿ ಖಾತೆ ಕೇಳುವುದೇ ಸರಿಯಾದ ಕೋರಿಕೆ.

ಜಮೀನು ಯಾರ ಅನುಭವದಲ್ಲಿ (ಸ್ವಾಧೀನದಲ್ಲಿ) ಇದೆ ಎಂಬ ಪ್ರಶ್ನೆ ಬಂದಾಗ ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದು ಅಕ್ಕಪಕ್ಕದ ಹಿಡುವಳಿದಾರರ ಸಮ್ಮುಖದಲ್ಲಿ ಮಹಜರು ಬರೆಯುತ್ತಾರೆ. ಆ ದಿನ ಖುದ್ದಾಗಿ ಹಾಜರಿದ್ದು, ಬೆಳೆ, ಬಾವಿ, ಬದು ಯಾರ ಸುಪರ್ದಿನಲ್ಲಿವೆ ಎಂಬುದನ್ನು ಬರೆಸಬೇಕು; ಓದದೆ ಸಹಿ ಹಾಕಬಾರದು, ಒಪ್ಪಿಗೆಯಿಲ್ಲದಿದ್ದರೆ ಅದನ್ನೇ ಬರೆದು ಸಹಿ ಮಾಡಬಹುದು. ಬದು ಒತ್ತುವರಿಯ ಜಗಳವನ್ನು ಖಾತೆ ತಕರಾರಿನೊಂದಿಗೆ ಬೆರೆಸುವುದರಿಂದ ಎರಡೂ ಕೆಡುತ್ತವೆ. ಅದಕ್ಕೆ ಸರ್ವೆ ಇಲಾಖೆಗೆ ಹದ್ದುಬಸ್ತು (ಅಳತೆ ಮಾಡಿ ಗಡಿ ಗುರುತಿಸುವ) ಅರ್ಜಿ ಬೇರೆಯಾಗಿಯೇ ಕೊಡಬೇಕು.

ಆದೇಶ ಬಂದ ಕೂಡಲೇ ದೃಢೀಕೃತ ನಕಲು ಪಡೆಯಬೇಕು. ಇಬ್ಬರ ವಾದ, ನೋಡಿದ ದಾಖಲೆಗಳು ಮತ್ತು ಕಾರಣಗಳು ಅದರಲ್ಲಿ ಇರಲೇಬೇಕು. ಕಾರಣವಿಲ್ಲದ ಆದೇಶವಾದರೆ ಅದೇ ಮೇಲ್ಮನವಿಗೆ ಬಲವಾದ ಆಧಾರ. 136ನೇ ಪ್ರಕರಣದಂತೆ ಆದೇಶ ತಿಳಿದ 60 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ, ಅಲ್ಲಿಂದ ಜಿಲ್ಲಾಧಿಕಾರಿಗೆ ಪುನರೀಕ್ಷಣೆಗೆ ಅವಕಾಶವಿದೆ. ತಡವಾಗಿದ್ದರೆ ಕಾರಣ ವಿವರಿಸಿ ವಿಳಂಬ ಮನ್ನಾ ಅರ್ಜಿಯನ್ನೂ ಜೊತೆಗೆ ಕೊಡಬೇಕು. ಆದರೆ ವ್ಯಾಜ್ಯದ ಮೂಲ ಮಾಲೀಕತ್ವವೇ ಆಗಿದ್ದರೆ ಈ ಮೂರು ಹಂತಗಳು ಮುಗಿಯಲೆಂದು ಕಾಯುತ್ತ ಕೂರಬಾರದು: ಘೋಷಣೆಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದೆ. ದಾವೆ ಹೂಡಿ ತಡೆಯಾಜ್ಞೆ ಸಿಕ್ಕಿದರೆ ಅದರ ಪ್ರತಿಯನ್ನು ತಾಲ್ಲೂಕು ಕಚೇರಿಗೆ ಸಲ್ಲಿಸಿ ಪಹಣಿಯ 11ನೇ ಕಾಲಂನಲ್ಲಿ ನಮೂದಿಸುವಂತೆ ಕೋರಬೇಕು; ಡಿಕ್ರಿ ಆದ ಮೇಲೆ ಅದರ ದೃಢೀಕೃತ ನಕಲಿನೊಂದಿಗೆ ಹೊಸದಾಗಿ ಅರ್ಜಿ ಕೊಟ್ಟು, 10ನೇ ಕಾಲಂನಲ್ಲಿ ಹೊಸ ಎಂಆರ್ ಸಂಖ್ಯೆ ಕಾಣಿಸಿಕೊಳ್ಳುವವರೆಗೆ ಪಹಣಿಯನ್ನು ಪರಿಶೀಲಿಸುತ್ತಿರಬೇಕು.