ಅಳಗುಳಿ ಮಣೆ: ಗುಳಿ ಎಷ್ಟು ಆಳ ಇರಬೇಕು?

ಕಳೆದ ವರ್ಷ ಮನೆಯಲ್ಲೇ ಒಂದು ಅಳಗುಳಿ ಮಣೆ ಮಾಡಿದೆ. ಎರಡು ಸಾಲು, ಸಾಲಿಗೆ 7 ಗುಳಿ. ಹಲಸಿನ ಹಲಗೆ ಸಿಕ್ಕಿತ್ತು, ಬಾಗಿದ ಉಳಿ ಇತ್ತು. ಇನ್ನೇನು ಬೇಕು ಅಂದುಕೊಂಡೆ.

ಗುಳಿ ಆಳವಾಗಿದ್ದರೆ ಬೀಜ ಚೆಲ್ಲುವುದಿಲ್ಲ ಅನ್ನೋದು ನನ್ನ ಲೆಕ್ಕ. ಅಗಲ 4 ಸೆಂ.ಮೀ., ಆಳವೂ ಹೆಚ್ಚುಕಡಿಮೆ ಅಷ್ಟೇ, ಗೋಡೆ ನೆಟ್ಟಗೆ. ದೊಡ್ಡಮ್ಮ ಆಡಲು ಕೂತರು. ಎರಡು ಸುತ್ತೂ ಆಗಿರಲಿಲ್ಲ, "ಇದೇನೋ, ಬೀಜ ತೆಗೆಯೋದೋ ಬಾವಿಯಿಂದ ನೀರು ಸೇದೋದೋ?" ಅಂದರು.

ಸರಿಯಾಗೇ ಹೇಳಿದರು. ಈ ಆಟದಲ್ಲಿ ಒಂದು ಗುಳಿಯ ಬೀಜ ಪೂರ್ತಿ ಬಾಚಿ, ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ತಳದ ಮೂಲೆಯಲ್ಲಿ ಒಂದೇ ಒಂದು ಬೀಜ ಉಳಿದರೂ ಲೆಕ್ಕ ತಪ್ಪಿತು, ಜಗಳ ಶುರು. ಎರಡನೇ ಮಣೆಯಲ್ಲಿ ಗುಳಿಯನ್ನು ತಟ್ಟೆಯ ಹಾಗೆ ಕೊರೆದೆ. ಅಗಲ 6.5, ಆಳ ಬರೀ 2 ಸೆಂ.ಮೀ. ಮೂಲೆಯೇ ಇಲ್ಲ. ಬೆರಳು ಒಂದು ಕಡೆ ಇಳಿದು, ಬೀಜ ಸಮೇತ ಇನ್ನೊಂದು ಕಡೆ ಏರಿ ಬರುತ್ತದೆ.

ಅಗಲ ಮಾಡಿದ್ದಕ್ಕೆ ನಾನು ಯೋಚಿಸದೇ ಇದ್ದ ಇನ್ನೊಂದು ಲಾಭ ಸಿಕ್ಕಿತು. ಬೀಜ ಒಂದರ ಮೇಲೊಂದು ಕೂರದೆ ಹರಡಿಕೊಳ್ಳುತ್ತವೆ. ನಮ್ಮ ಮನೆಯ ಕ್ರಮದಲ್ಲಿ ಯಾರ ಗುಳಿಯಲ್ಲಿ 4 ಬೀಜ ಸೇರಿತೋ ಅವರು ಕೂಡಲೇ ಎತ್ತಿಕೊಳ್ಳಬೇಕು. ಮೂರು, ನಾಲ್ಕು ಅಂದರೆ ಎಣಿಸದೇನೇ ಕಣ್ಣಿಗೆ ಗೊತ್ತಾಗುತ್ತದೆ ಅಲ್ವಾ? ಅದೇ ಏಳಾಗಿದ್ದರೆ ಪ್ರತಿ ಸಲ ಎಣಿಸುತ್ತಾ ಕೂರಬೇಕಿತ್ತು. ಆದರೆ ಬೀಜ ಕಾಣಬೇಕಲ್ಲ! ಮೊದಲ ಮಣೆಗೆ ಚಂದಕ್ಕೆ ಅಂತ ಕಂದು ಪಾಲಿಶ್ ಹೊಡೆದಿದ್ದೆ. ಅದರೊಳಗೆ ಹುಣಸೆ ಬೀಜ ಮಾಯ. ಈಗ ಸುಮ್ನೆ ಎಣ್ಣೆ ಒರೆಸಿದ ಹಳದಿ ಮರ, ಅದಕ್ಕೆ ಕೆಂಪು ಮಂಜೊಟ್ಟಿ ಬೀಜ. ಗುಲಗಂಜಿಯೂ ಕೆಂಪೇ, ಆದರೆ ಅದು ವಿಷ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಮಡಿಸುವ ಮಣೆ ಮಾಡುವಾಗಲೂ ಒಮ್ಮೆ ಎಡವಿದೆ. ಉದ್ದದ ನಡುವೆ ಗೆರೆ ಎಳೆದು ಗರಗಸ ಇಟ್ಟ ಮೇಲೆ ನೋಡಿದರೆ ಗೆರೆ ನಾಲ್ಕನೇ ಗುಳಿಯನ್ನೇ ಸೀಳುತ್ತಿದೆ! 7 ಬೆಸ ಸಂಖ್ಯೆ ತಾನೇ. ಹಾಗಾಗಿ ಕೀಲು ಎರಡು ಸಾಲುಗಳ ನಡುವೆ ಬಂತು. ಮಣೆಗೆ ಕಾಲು ಕೊಟ್ಟಿದ್ದೂ ದಂಡವೇ. ಚಕ್ಕಳಮಕ್ಕಳ ಹಾಕಿ ಕೂತವರಿಗೆ ಭುಜ ಎತ್ತಿ ಎತ್ತಿ ನೋವು ಬಂತು, ಕಿತ್ತುಹಾಕಿದೆ.

ಗೆದ್ದ ಬೀಜ ಇಡಲು ಮಾತ್ರ ಇನ್ನೂ ಜಾಗ ಮಾಡಿಲ್ಲ. ದೊಡ್ಡಮ್ಮ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಪ್ಯಾಂಟಿನಲ್ಲಿ ಮಡಿಲೆಲ್ಲಿ? ನಾನು ಚಾಪೆ ಮೇಲೆ ಗುಡ್ಡೆ ಹಾಕುತ್ತೇನೆ, ಏಳುವಾಗ ಅದನ್ನೇ ತುಳಿಯುತ್ತೇನೆ.